ಸರೋವರ ನೋಡುತ್ತ ನಿಂತವನು

ಸುಪೀರಿಯರ್ ಸರೋವರದ ಕಡೆಯಿಂದ ಬೀಸಿದ ಮಳೆಗೆ ಮಧ್ಯಾಹ್ನವೇ ಹೆದ್ದಾರಿ ಕಾಣದಂತಾಗಿತ್ತು. ಮ್ಯಾರಥಾನ್ ಊರು ದಾಟಿದ ಮೇಲೆ ಸಿಗುವ ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ನಾಲ್ವರು ಬೈಕಿನವರು ಒದ್ದೆ ಕೈಗವಸುಗಳನ್ನು ಹೀಟರಿನ ಮೇಲೆ ಹರವಿ, ಬಟಾಣಿ ಸೂಪಿನ ಬಟ್ಟಲಿಗೆ ಅಂಗೈ ಒತ್ತಿಕೊಂಡು ಕೂತಿದ್ದರು. ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸಿನಿಂದ ಹೊರಟು ಪಶ್ಚಿಮದ ವ್ಯಾಂಕೂವರಿನ ಕಡಲು ಮುಟ್ಟಬೇಕೆಂದಿದ್ದ ಗುಂಪು ಅದು. ಮುಂದಾಳು ಬ್ಲೇನ್, ಅವನ ಹಿಂದೆ ಗಾರ್ನೆಟ್ ಮತ್ತು ಅವನ ಹೆಂಡತಿ ಇವೆಟ್, ಎಲ್ಲರಿಗಿಂತ ಹಿಂದೆ ನೊರೀನ್.

ನೊರೀನ್ ಸೂಪು ಮುಟ್ಟಿರಲಿಲ್ಲ. ಬೆಳಿಗ್ಗೆ, ರಾತ್ರಿ ತಂಗಿದ್ದಲ್ಲಿನ ಜಲ್ಲಿ ಹಾಕಿದ ಅಂಗಳದಲ್ಲಿ, ಯಾರೂ ಇಲ್ಲದಾಗ, ಅವಳ ಬೈಕು ಕೈತಪ್ಪಿ ಮಗುಚಿತ್ತು. ಮುಂದಿನ ಬ್ರೇಕಿನ ಲಿವರ್ ಬುಡದಲ್ಲೇ ಸೀಳಿತ್ತು. ನಿಂತ ಬೈಕನ್ನೇ ಬೀಳಿಸುವವಳು ಅನ್ನಿಸಿಕೊಳ್ಳುವುದಕ್ಕೆ ಹೆದರಿ ಸೀಳಿನ ಮೇಲೆ ಕರಿ ಟೇಪು ಸುತ್ತಿ ಬಂದಿದ್ದಳು. ಮುಂದಿದ್ದದ್ದು ಇಳಿಜಾರು, ಲಾರಿಗಳ ದಾರಿ; ಒಮ್ಮೆ ಗಟ್ಟಿಯಾಗಿ ಹಿಡಿದರೆ ಲಿವರ್ ಕಿತ್ತು ಕೈಗೇ ಬರುತ್ತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ ಕೆನ್ನೆ ಬಿಸಿಯಾಗಿ ಮಾತು ಒಳಗೇ ಉಳಿಯುತ್ತಿತ್ತು.

"ಏನಮ್ಮ ನೊರೀನ್, ಇವತ್ತು ಆಮೆಗೂ ದಾರಿ ಬಿಟ್ಕೊಟ್ಯಂತೆ?" ಎಂದ ಗಾರ್ನೆಟ್.

"ಮಳೆ ಅಲ್ವಾ..."

"ಬಿಡೋ ಅವಳನ್ನ," ಎಂದ ಬ್ಲೇನ್. "ಬೈಕ್ ಸರಿಯಿದೆ ತಾನೆ?"

ನೊರೀನ್ ಹೆಬ್ಬೆರಳೆತ್ತಿ ತೋರಿಸಿದಳು.

ಕಾಫಿ ಬಗ್ಗಿಸುತ್ತಿದ್ದ ಹೋಟೆಲಿನೊಡತಿ ಹೇಜಲ್ ಅಜ್ಜಿಯ ಕೈ ಅಲ್ಲೇ ನಿಂತಿತು. ಕೆಟಲನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅವರ ನಡುವೆ ಬಂದು ಕೂತಳು.

"ಆ ಬೆರಳು ಕಂಡ್ರೆ ನನ್ನ ಮೈ ಜುಮ್ಮನ್ನುತ್ತೆ ಕಣೇ... ಮಳೆ ಈಗ್ಲೇ ಬಿಡಲ್ಲ, ಕೇಳಿ. ಎಲ್ಡನ್ ಟೇಟ್ ಅಂತ ಒಬ್ಬ ಇದ್ದ. ಈ ದೇಶವನ್ನ ಆ ಕಡಲಿಂದ ಈ ಕಡಲಿಗೆ ಅದೆಷ್ಟು ಸಲ ಬೈಕಲ್ಲಿ ದಾಟಿದ್ನೋ ಅವನಿಗೇ ನೆನಪಿರ್ಲಿಲ್ಲ. ಇದೇ ಬಾಗಿಲಲ್ಲಿ ನಿಂತು ಹೊಸ ಹುಡುಗರನ್ನ ಬೈಯೋನು... ಲೋ, ಮುಂದಿನ ಬಂಕು ದೂರ ಇದೆ, ಪೆಟ್ರೋಲ್ ಮುಗಿಸ್ಕೊಂಡು ದಾರೀಲಿ ನಿಲ್ಲೋರು ಬೈಕ್ ಮಾರಿ ಕತ್ತೆ ತಗೊಳ್ರೋ, ಅಂತ. ಒಂದು ಸೆಪ್ಟೆಂಬರ್ ಬೆಳಿಗ್ಗೆ ಏನಾಯ್ತು ಗೊತ್ತಾ? ಊರಿಗೆಲ್ಲ ಬುದ್ಧಿ ಹೇಳೋ ಗಡಿಬಿಡೀಲಿ ತನ್ನ ಟ್ಯಾಂಕ್ ತುಂಬಿಸೋದನ್ನೇ ಮರೆತು ಹೊರಟುಬಿಟ್ಟ. ಸರೋವರದ ಎದುರುಗಾಳಿ ಪೆಟ್ರೋಲನ್ನ ಹೇಗೆ ಕುಡಿಯುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಗುಡ್ಡದ ಮೇಲೆ, ನೀರು ಕಾಣೋ ತಿರುವಲ್ಲಿ, ಬೈಕು ಕೆಮ್ಮಿ ನಿಂತಿತು.

"ನಿಂತ ಬೈಕ್ ಕಂಡ್ರೆ ನಿಮ್ಮೋರು ಹಾಗೇ ಹೋಗ್ತಾರಾ? ನಿಧಾನ ಮಾಡ್ತಾರೆ, ಹೆಬ್ಬೆರಳೆತ್ತಿ ಎಲ್ಲ ಸರಿಯಿದೆಯಾ ಅಂತ ಕೇಳ್ತಾರೆ. ಇವನೂ ಎತ್ತಿದ! ಸರೋವರದ ಕಡೆ ಕೈ ಮಾಡಿ, ನೋಡ್ತಾ ನಿಂತಿದೀನಿ ಅಂತ ನಕ್ಕ. ಬೆಳಿಗ್ಗೆ ಬೈಸ್ಕೊಂಡಿದ್ದ ಹುಡುಗರೇ ಬಂದು ನಿಂತ್ರು, ಅವರ ಹತ್ರ ಕ್ಯಾನ್ ತುಂಬ ಪೆಟ್ರೋಲಿತ್ತು. ಅವರನ್ನ ಹೇಗೆ ಕೇಳ್ತಾನೆ ಹೇಳಿ? ಹೋಗ್ರೋ, ನನ್ನ ನೆಮ್ಮದಿ ಕೆಡಿಸ್ಬೇಡಿ ಅಂದ. ಮರೆತುಬಿಟ್ಟೆ ಅನ್ನೋ ಒಂದು ಮಾತು... ಒಂದೇ ಒಂದು ಮಾತು ಗಂಟಲು ದಾಟಿ ಬರ್ಲಿಲ್ಲ ನೋಡಿ. ಸಂಜೆಗೆ ಮಳೆ ಹಿಡೀತು, ಆಮೇಲೆ ಹಿಮ. ಮಾರನೇ ದಿನ ಹಾಲಿನ ಲಾರಿಯವನು ನೋಡ್ದಾಗ ಚಕ್ರಕ್ಕೆ ಒರಗಿ ಸೆಟೆದು ಕೂತಿದ್ದ. ಹೆಬ್ಬೆರಳು ಮೇಲೆತ್ಕೊಂಡೇ..."

"ಅಜ್ಜೀ, ಸಾಕು," ಎಂದಳು ಇವೆಟ್.

"ಮುಗೀಲಿಲ್ಲಮ್ಮ. ಇನ್ನೂ ಆ ತಿರುವಲ್ಲೇ ನಿಲ್ತಾನೆ. ಅಡ್ಡ ಬರಲ್ಲ, ಹೆದರಿಸಲ್ಲ. ಪಾಪ, ಅವನಿಗೆ ಇನ್ನೂ ನಾಚಿಕೆ... ಮುಖ ನೀರಿನ ಕಡೆಗೇ. ಮೊದಲು ಒಬ್ನೇ ಇದ್ದ. ಆಮೇಲೆ ಪಕ್ಕದಲ್ಲಿ ಇನ್ನೊಬ್ಬ, ಕಣ್ಣು ಎಳೀತಿದೆ ಅಂತ ಗೆಳೆಯರಿಗೆ ಹೇಳೋಕೆ ನಾಚ್ಕೊಂಡು ಲಾರಿಗೆ ಗುದ್ದಿ ಸತ್ತೋನು. ಆಮೇಲೆ ಒಬ್ಬಳು. ಎಲ್ಲ ಸಾಲಾಗಿ ಸರೋವರ ನೋಡ್ತಾರೆ. ಇವತ್ತು ಬೆಳಿಗ್ಗೆ ಬ್ರೆಡ್ ತರೋಕೆ ಹೋದಾಗ ಕಂಡೆ... ಬೈಕುಗಳನ್ನ ಒತ್ತಾಗಿ ನಿಲ್ಲಿಸ್ಕೊಂಡಿದ್ರು. ಅಂಚಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು."

ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ನೊರೀನ್ ಮೇಜನ್ನೇ ನೋಡುತ್ತ ಹೇಳಿದಳು, "ನನ್ನ ಬ್ರೇಕಿನ ಲಿವರ್ ಸೀಳಿದೆ. ಬೆಳಿಗ್ಗೆ ಬೀಳಿಸ್ದೆ... ನಿಂತಿದ್ದ ಬೈಕನ್ನ. ನಿಮಗೆ ಗೊತ್ತಾಗ್ಬಾರ್ದು ಅಂತ ಟೇಪ್ ಸುತ್ತಿದೀನಿ."

ನಗು ಬರುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡಳು.

"ಇಷ್ಟೇನಾ?" ಎಂದ ಗಾರ್ನೆಟ್. "ನಾನು ಹೋದ ವರ್ಷ ಚರ್ಚ್ ಮುಂದೆ ಬೀಳಿಸಿದೀನಿ. ಮದುವೆ ಫೋಟೋದಲ್ಲೆಲ್ಲ ನಾನೇ, ಅಂಗಾತ."

"ನಮ್ಮಕ್ಕನ ಮದುವೆ," ಎಂದು ಇವೆಟ್ ಕಣ್ಣೊರೆಸಿಕೊಂಡು ನಕ್ಕಳು. "ಮ್ಯಾರಥಾನಿಗೆ ಫೋನ್ ಮಾಡಿದ್ರೆ ಲಿವರ್ ತಂದು ಹಾಕ್ತಾರೆ ಬಿಡೇ."

ನೊರೀನಳಿಗೆ ಉಸಿರು ಬಂದಂತಾಯಿತು. ನಾಚಿಕೆ ಇನ್ನೂ ಇತ್ತು, ಆದರೆ ಅದು ಈಗ ಹೊರಬಹುದಾದಷ್ಟೇ ಭಾರವಾಗಿತ್ತು. "ಹಾಗಾದ್ರೆ ಆ ಜಾಗ ಖಾಲಿ ಉಳೀತು ಅಲ್ವಾ ಅಜ್ಜಿ?"

ಹೇಜಲ್ ಅಜ್ಜಿ ನಗಲಿಲ್ಲ. "ಇಷ್ಟು ವರ್ಷದಿಂದ ನೋಡ್ತಿದೀನಮ್ಮ... ಅವರು ಸುಮ್ಸುಮ್ನೆ ಜಾಗ ಬಿಡಲ್ಲ. ನೀನಲ್ಲ ಅಂತಾಯ್ತು. ಮತ್ತೆ ಯಾರು?"

ಬ್ಲೇನ್ ಎದ್ದು ಹೀಟರಿನ ಮೇಲಿನ ಕೈಗವಸು ತೆಗೆದುಕೊಂಡ. ಇನ್ನೂ ಒಣಗಿರಲಿಲ್ಲ.

"ನೀವು ಲಿವರ್ ಹಾಕಿಸ್ಕೊಂಡು ನಿಧಾನವಾಗಿ ಬನ್ನಿ," ಎಂದ, ಯಾರ ಮುಖವನ್ನೂ ನೋಡದೆ. "ನಾನು ಮುಂದೆ ಹೋಗಿರ್ತೀನಿ."

"ಬ್ಲೇನ್, ನೀನು ಸರಿಯಾಗಿದೀಯ ತಾನೆ?" ನೊರೀನ್ ಕೇಳಿದಳು.

"ನನಗೇನಾಗಿದೆ?" ಎನ್ನುತ್ತ ಅವನು ಬಾಗಿಲಿನ ಹಿಡಿಗೆ ಕೈಹಾಕಿದ. ಕಣ್ಣೆದುರಿಗೇ ಇದ್ದ ಹಿಡಿ ಅವನ ಕೈಗೆ ಸಿಗಲಿಲ್ಲ. ಇನ್ನೊಮ್ಮೆ ತಡಕಾಡಿದ.