ಎರಡನೇ ಶಿಕ್ಷಕರ ಅರವತ್ತೆರಡು ಪೀರಿಯಡ್ಡುಗಳು

ಈಗಾಗಲೇ ಎರಡು ಸಲ ಗಡಿಯಾರ ನೋಡಿರುವ ಮಾನ್ಯ ಅಧ್ಯಕ್ಷರೇ, ಒಂಬತ್ತು ವರ್ಷ ನನ್ನನ್ನು ಸಹಿಸಿಕೊಂಡು, ಇಂದು ಮುಖ್ಯ ಅತಿಥಿಗಳಾಗಿಯೂ ಸಹಿಸಿಕೊಳ್ಳಲು ಬಂದಿರುವ ನನ್ನ ಮಾರ್ಗದರ್ಶಕರೇ, ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿ ಬಂಧುಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅಮ್ಮ ಮತ್ತು ನನ್ನ ಹೆಂಡತಿ, ಅಲುಗಾಡಬಾರದೆಂಬ ಎಚ್ಚರಿಕೆಯೊಂದಿಗೆ ಹಿಂದಿನ ಸಾಲುಗಳಲ್ಲಿ ಕೂರಿಸಲಾಗಿರುವ ಮಕ್ಕಳೇ, ಮತ್ತು ಎಲ್ಲ ಸಭಿಕರೇ,

ಸಮಾಜ ವಿಜ್ಞಾನ ಬೋಧನೆಯಲ್ಲಿ ನನಗೆ ಡಾಕ್ಟರೇಟ್ ಬಂದಿದೆ ಎಂಬ ಒಂದೇ ಕಾರಣಕ್ಕೆ ಈ ಸಭೆ. ನನ್ನ ಪ್ರಬಂಧದ ಶೀರ್ಷಿಕೆ ಮುಖಪುಟದಲ್ಲಿ ಐದು ಸಾಲು ಇದೆ. ಅದನ್ನು ಓದಿದರೆ ಅಧ್ಯಕ್ಷರು ಮೂರನೇ ಸಲ ಗಡಿಯಾರ ನೋಡುತ್ತಾರೆ. ಸರಳವಾಗಿ ಹೇಳುವುದಾದರೆ, ಸಮಾಜ ವಿಜ್ಞಾನದ ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂಬುದು ವಿಷಯ. ಅರ್ಥ ಆಯ್ತಾ? ಆಯ್ತು. ಮುಂದೆ.

ಈ ಅಧ್ಯಯನಕ್ಕೆ ಇಬ್ಬರು ಶಿಕ್ಷಕರನ್ನು ಆರಿಸಿಕೊಂಡೆ. ಒಬ್ಬೊಬ್ಬರದೂ ಅರವತ್ತೆರಡು ಪೀರಿಯಡ್. ಮೇಜಿನ ಮೇಲೆ ಧ್ವನಿಮುದ್ರಣದ ಪುಟ್ಟ ಯಂತ್ರ. ಮೊದಲನೇ ಶಿಕ್ಷಕಿ ಯಾರೆಂದು ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ: ನಮ್ಮ ಶಾಲೆಯ ಕಿರಿಯ ಮೇಡಂ, ಅಗೋ, ಕಂಬದ ಪಕ್ಕ ಕುಳಿತಿದ್ದಾರೆ. ಎರಡನೇ ಶಿಕ್ಷಕರ ಹೆಸರನ್ನು ಮಾತ್ರ ನಾನು ಹೇಳುವಂತಿಲ್ಲ. ಸಂಶೋಧನೆಯ ನೀತಿ ಅದು. ಅವರು ಒಳ್ಳೆಯ ಮನುಷ್ಯ, ಸಂಸಾರಸ್ಥ, ಇಪ್ಪತ್ತೆರಡು ವರ್ಷ ಒಂದು ದಿನವೂ ತಡವಾಗಿ ಬಂದವರಲ್ಲ. ಇಷ್ಟು ಸಾಕು.

ಕಿರಿಯ ಮೇಡಂ ತರಗತಿಯಲ್ಲಿ ನಲವತ್ತು ನಿಮಿಷಕ್ಕೆ ಮೂವತ್ತೊಂದು ಪ್ರಶ್ನೆ. ಎಂಥೆಂಥವು ಅಂತೀರಿ! "ಮಿಸ್, ದೇಶದ ಗಡಿ ನದಿ ಮಧ್ಯದಲ್ಲಿ ಹೋದ್ರೆ ಮೀನು ಯಾವ ದೇಶದ್ದು?" "ಮಿಸ್, ಯುದ್ಧದಲ್ಲಿ ಸೋತ ರಾಜ ಮಾರನೇ ದಿನ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ದ?" ಮೇಡಂ ಏನು ಹೇಳಿದರು ಗೊತ್ತೇ? "ನಂಗೂ ಗೊತ್ತಿಲ್ವಲ್ರೋ, ಹುಡುಕೋಣ ಬನ್ನಿ." ಶಿಕ್ಷಕರಾದವರು ಗೊತ್ತಿಲ್ಲ ಎನ್ನುವುದೇ? ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಎರಡನೇ ಶಿಕ್ಷಕರ ಅರವತ್ತೆರಡು ಪೀರಿಯಡ್ಡಿನಲ್ಲಿ ಬಂದ ಪ್ರಶ್ನೆಗಳು ಸೊನ್ನೆ. ನನಗೆ ಬಹಳ ಸಂತೋಷವಾಯಿತು. ಏಕೆಂದರೆ ನಾನು ಹೊರಟಿದ್ದೇ ಅದನ್ನು ಸಾಧಿಸಲು: ಮಕ್ಕಳು ಕೇಳಲಿಲ್ಲ ಎಂದರೆ ಎಲ್ಲವೂ ತಿಳಿದಿದೆ ಎಂದರ್ಥ. ಇಪ್ಪತ್ತೆರಡು ವರ್ಷ ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತು ಅದು. ಅವರು ಹೇಳಿಕೊಂಡು ಬಂದದ್ದು. ಎರಡನೇ ಶಿಕ್ಷಕರು.

ಅದನ್ನು ತೋರಿಸಿದಾಗ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟರು. "ಸೊನ್ನೆ ಇಟ್ಕೊಂಡು ನಾನು ಯಾವ ಶೇಕಡಾ ಲೆಕ್ಕ ಹಾಕ್ಲಿ ಕಣ್ರೀ? ರೆಕಾರ್ಡಿಂಗ್ ಇನ್ನೊಂದ್ಸಲ ಕೇಳಿ, ಏನಾದ್ರೂ ಸಿಗುತ್ತೆ" ಎಂದರು. ಮತ್ತೆ ಕೇಳಿದೆ. ಮೂರು ಸಿಕ್ಕವು. "ಸರ್, ನೀರು ಕುಡಿದು ಬರ್ಲಾ?" "ಸರ್, ಹೆಡ್ಡಿಂಗಿಗೆ ನೀಲಿ ಇಂಕಾ ಕಪ್ಪು ಇಂಕಾ?" "ಸರ್, ಬೆಲ್ ಆಯ್ತಲ್ವಾ?" ಇವು ಪ್ರಶ್ನೆಗಳು ಹೌದೋ ಅಲ್ಲವೋ ಎಂದು ನಾವಿಬ್ಬರೂ ನಾಲ್ಕು ತಿಂಗಳು ಚರ್ಚಿಸಿದೆವು. ನೀರಿನ ಮೇಲೆಯೇ ಒಂದೂವರೆ ಪುಟದ ಅಡಿಟಿಪ್ಪಣಿ ಇದೆ, ಆಸಕ್ತರು ನೋಡಬಹುದು. ಕೊನೆಗೆ ಮೂರನ್ನೂ ಕೈಬಿಟ್ಟೆವು.

ಆಗ ಎರಡನೇ ಶಿಕ್ಷಕರು ಒಂದು ತಪ್ಪು ಮಾಡಿದರು. "ನಾಳೆ ಎಲ್ರೂ ಪ್ರಶ್ನೆ ಕೇಳ್ಬೇಕು, ಕೇಳದಿದ್ರೆ ಆಚೆ ನಿಲ್ಲಿಸ್ತೀನಿ" ಎಂದು ಮಕ್ಕಳಿಗೆ ಆಜ್ಞೆ ಮಾಡಿದರು. ಮರುದಿನ ನಲವತ್ತೆರಡು ಮಕ್ಕಳು ಹಾಜರಿ ಸಂಖ್ಯೆಯ ಪ್ರಕಾರ ಒಬ್ಬೊಬ್ಬರಾಗಿ ಎದ್ದು ನಿಂತು, ಪಾಠದ ಕೊನೆಯಲ್ಲಿ ಅಚ್ಚಾಗಿರುವ ಮೊದಲನೇ ಪ್ರಶ್ನೆಯನ್ನೇ ಕೇಳಿದರು. ನಲವತ್ತೆರಡು ಸಲ! ಆ ಶಿಕ್ಷಕರೂ ನಲವತ್ತೆರಡು ಸಲ ಉತ್ತರ ಹೇಳಿದರು. ಗಂಟಲು ಕಟ್ಟಿ ಮನೆಗೆ ಬಂದಾಗ ನನ್ನ ಹೆಂಡತಿ ಬಿಸಿನೀರು ಕಾಯಿಸಿ ಕೊಟ್ಟಳು. ಅಂದರೆ... ಅವರ ಹೆಂಡತಿ ಕೊಟ್ಟರಂತೆ.

ಇರಲಿ. ಧ್ವನಿಮುದ್ರಣಗಳನ್ನು ನಾನು ಮನೆಯಲ್ಲಿ ಊಟದ ಮೇಜಿನ ಮೇಲಿಟ್ಟು ಕೇಳುತ್ತಿದ್ದೆ. ಅಮ್ಮನಿಗೆ ಆಗ ನಿದ್ದೆಯ ತೊಂದರೆ, ಮಧ್ಯಾಹ್ನ ಒಂದು ಗಳಿಗೆಯೂ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಎರಡನೇ ಶಿಕ್ಷಕರ ಪಾಠ ಶುರುವಾಗಿ ಮೂರು ನಿಮಿಷಕ್ಕೆ ಅಮ್ಮನ ಗೊರಕೆ! ಈಗಲೂ ಕೇಳುತ್ತಾರೆ: "ಆ ಕೈಗಾರಿಕಾ ಕ್ರಾಂತಿ ಹಾಕೋ ಮಗನೇ, ಅದ್ರಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ." ಅಮ್ಮ, ತಲೆ ಅಲ್ಲಾಡಿಸಬೇಡ, ಎಲ್ಲರೂ ನೋಡುತ್ತಿದ್ದಾರೆ.

ಆಮೇಲೆ ಎರಡೂ ತರಗತಿಗಳಿಗೆ ಒಂದು ಪರೀಕ್ಷೆ ಕೊಟ್ಟೆ. ಎರಡನೇ ಶಿಕ್ಷಕರ ತರಗತಿಯ ಒಂದು ಮಗು ಬರೆದ ಉತ್ತರ ಹೀಗಿದೆ: "ನನಗೆ ಗೊತ್ತಿಲ್ಲ. ಆದರೆ ಸರ್‌ಗೆ ಗೊತ್ತಿದೆ." ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಧ್ವನಿಮುದ್ರಣಗಳನ್ನು ಇನ್ನೊಮ್ಮೆ ಕೇಳಿದೆ, ಈ ಸಲ ಗಡಿಯಾರ ಹಿಡಿದು. ಆ ಶಿಕ್ಷಕರು ಅರವತ್ತೆರಡು ಪೀರಿಯಡ್ಡಿನಲ್ಲಿ ಸಾವಿರದ ಒಂಬೈನೂರ ನಾಲ್ಕು ಸಲ "ಅರ್ಥ ಆಯ್ತಾ?" ಎಂದಿದ್ದಾರೆ. ಮಕ್ಕಳ ಉತ್ತರಕ್ಕೆ ಅವರು ಕಾದ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. "ಆಯ್ತು" ಎಂದು ತಾವೇ ಹೇಳಿ, "ಮುಂದೆ" ಎಂದು ತಾವೇ ಹೊರಟುಬಿಡುತ್ತಿದ್ದರು. ಒಂಬತ್ತು ವರ್ಷದ ಸಂಶೋಧನೆಯ ಸಾರ ಇಷ್ಟೇ. ಅರ್ಥ ಆಯ್ತಾ? ಆಯ್ತು. ಮುಂ...

ಏಕೆ ನಗುತ್ತಿದ್ದೀರಿ?

ಮೇಡಂ, ನೀವೂ ನಗುತ್ತಿದ್ದೀರಾ? ಸರಿ, ನಗಿ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದರು: "ಈ ಎರಡನೇ ಶಿಕ್ಷಕ ಇನ್ನೂ ಕೆಲಸದಲ್ಲಿದಾನೇನ್ರೀ?" "ಇದಾರೆ ಸರ್, ಕಲೀತಾ ಇದಾರೆ" ಎಂದಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಒಂದೇ ಒಂದು ನಿಜವಾದ ಪ್ರಶ್ನೆ ಬಂದಿಲ್ಲ. ಡಾಕ್ಟರೇಟಿಗಿಂತ ಅದು ಬರಲಿ ಎಂಬ ಆಸೆ ಅವರಿಗೆ. ಆದ್ದರಿಂದ ಮಕ್ಕಳೇ, ಯಾರಿಗಾದರೂ ಏನಾದರೂ ಕೇಳುವುದಿದೆಯೇ? ನಾನು ಕಾಯುತ್ತೇನೆ.

ಒಂದು. ಎರಡು. ಅಧ್ಯಕ್ಷರೇ, ದಯವಿಟ್ಟು ಗಡಿಯಾರ ನೋಡಬೇಡಿ, ನಾನೇ ಎಣಿಸುತ್ತಿದ್ದೇನೆ. ಐದು. ಆರು. ಅಬ್ಬಾ, ಎಷ್ಟು ಉದ್ದ ಇದು. ಎಂಟು.

ಯಾರದು, ಹಿಂದೆ ಕೈ ಎತ್ತಿದ್ದು? ಎರಡು ಜಡೆಯ ಹುಡುಗಿ. ನೀರಾ ಪುಟ್ಟಿ? ಹೋಗಿ ಕುಡಿದು ಬಾ. ನೀರಲ್ಲವಾ? ಹಾಗಾದರೆ ಕೇಳಮ್ಮ, ಜೋರಾಗಿ.

ಸಭಿಕರೇ, ಮುಂದಿನವರಿಗೆ ಕೇಳಿಸಿರಲಿಕ್ಕಿಲ್ಲ. ಅವಳು ಕೇಳಿದ್ದು ಇದು: "ಸರ್, ಸೊನ್ನೆ ಬಂದಾಗ ಆ ಎರಡನೇ ಶಿಕ್ಷಕರಿಗೆ ಬೇಜಾರಾಯ್ತಾ?"

ಆಯ್ತು ಪುಟ್ಟಿ. ಮೊದಲು ಖುಷಿ, ಆಮೇಲೆ ತುಂಬಾ ಬೇಜಾರಾಯ್ತು. ಈಗ ಇಲ್ಲ.

ಮೇಡಂ, ನಿಮ್ಮ ಪೆನ್ನು ತೆಗೆದು ದಯವಿಟ್ಟು ಬರೆದುಕೊಳ್ಳಿ: ಎರಡನೇ ಶಿಕ್ಷಕರು, ಪ್ರಶ್ನೆ ಒಂದು. ಮಾರ್ಗದರ್ಶಕರೇ, ಇನ್ನು ನೀವು ಶೇಕಡಾ ಹಾಕಬಹುದು. ಮಾತಾಡಲು ಬಿಟ್ಟ ನಿಮಗೆಲ್ಲ, ಮತ್ತು ಎಂಟು ಸೆಕೆಂಡು ಸುಮ್ಮನಿದ್ದ ನನಗೂ, ಧನ್ಯವಾದಗಳು. ಮುಂದಿನ ಕಾರ್ಯಕ್ರಮ ಸ್ವಲ್ಪ ತಡವಾಗುತ್ತದೆ, ಕ್ಷಮಿಸಿ. ಅಲ್ಲಿ ಇನ್ನೂ ನಾಲ್ಕು ಕೈ ಎದ್ದಿವೆ. ನಮಸ್ಕಾರ.