ಬೀರುವಿನ ಬೆನ್ನು

ಮಾನ್ಯ ಅಧ್ಯಕ್ಷರೇ, ಪ್ರಶಸ್ತಿ ಸಮಿತಿಯಿಂದ ಬಂದಿರುವ ಅತಿಥಿಗಳೇ, ಶಾಲೆಯ ಕಾರ್ಯದರ್ಶಿಗಳೇ, ಇಂದಿನ ಸನ್ಮಾನಿತರೂ ಈ ಕಟ್ಟಡದ ವಾಸ್ತುಶಿಲ್ಪಿಯೂ ನನ್ನ ಒಡಹುಟ್ಟಿದ ತಮ್ಮನೂ ಆದವರೇ, ಪೋಷಕರೇ, ನನ್ನ ಜೊತೆಯ ಶಿಕ್ಷಕರೇ, ಒರಗಲು ಏನೂ ಇಲ್ಲದ ಈ ಮೆಟ್ಟಿಲುಗಳ ಮೇಲೆ ಇಷ್ಟು ಹೊತ್ತು ತಾಳ್ಮೆಯಿಂದ ಕೂತಿರುವ ಸಭಿಕರೇ,

ಮೊದಲ ವಂದನೆ ಈ ಮೈಕಿಗೆ. ಹಳೆಯ ಕಟ್ಟಡ ಬಿಟ್ಟು ಇಲ್ಲಿಗೆ ಬಂದ ವಾರದಿಂದಲೇ ನಾನು ಒಂದು ಮೈಕು ಕೇಳುತ್ತಾ ಬಂದಿದ್ದೇನೆ. "ಟೀಚರ್, ಇದೇನು ಸಂತೇನಾ?" ಎಂದು ಕಾರ್ಯದರ್ಶಿಗಳು ನಕ್ಕಿದ್ದರು. ಇವತ್ತು ತಾವೇ ಕೈಯಾರೆ ಕೊಟ್ಟಿದ್ದಾರೆ, ಅದಕ್ಕೆ ನಾನು ಋಣಿ. ನನ್ನ ದನಿ ಒಡೆದಿದೆ, ನೀವು ಸಹಿಸಿಕೊಳ್ಳಬೇಕು. ಮೊನ್ನೆ ಗಂಟಲಿನ ಡಾಕ್ಟರು ಟಾರ್ಚು ಹಿಡಿದು ನೋಡಿ, "ಏನಮ್ಮಾ ಕೆಲಸ? ಹರಾಜು ಕೂಗ್ತೀರಾ?" ಅಂದರು. ಮೂರನೇ ಕ್ಲಾಸಿನ ಮಕ್ಕಳಿಗೆ ಓದು ಕಲಿಸ್ತೀನಿ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಸನ್ಮಾನಿತರ ಬಗ್ಗೆ ಐದು ನಿಮಿಷ ಮಾತಾಡಬೇಕು, ಅಕ್ಕನ ಪ್ರೀತಿ ಕಾಣುವಂತಿರಲಿ ಎಂದು ನನಗೆ ಸೂಚನೆ ಕೊಟ್ಟಿದ್ದಾರೆ. ಪ್ರೀತಿಗೆ ಕೊರತೆಯಿಲ್ಲ, ಸಭಿಕರೇ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಇವತ್ತು ಅವನ ಕೈಗೆ ಆ ಫಲಕ ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳೂ ನಾನೇ.

ಕಟ್ಟಡದ ವಿಷಯಕ್ಕೆ ಬರೋಣ. ಇದು ಗೋಡೆಗಳಿಲ್ಲದ ಶಾಲೆ. ಇಲ್ಲಿ ತರಗತಿ ಎಂಬ ಮಾತಿಲ್ಲ, ಕಲಿಕಾ ಅಂಗಳ ಎನ್ನಬೇಕು. ನಾವು ಶಿಕ್ಷಕರಲ್ಲ, ಸುಗಮಕಾರರು. ಬೆಂಚುಗಳಿಲ್ಲ, ಚಕ್ರವಿರುವ ಮೇಜುಗಳಿವೆ. ಮಕ್ಕಳಿಗೆ ಆ ಮೇಜುಗಳೆಂದರೆ ಪಂಚಪ್ರಾಣ. ಏಳರ ಮಗ್ಗಿ ಹೇಳಿಸುತ್ತಿದ್ದಾಗ ನಾಲ್ಕು ಮಕ್ಕಳು ಕೂತಿದ್ದ ಮೇಜೊಂದು ಸದ್ದಿಲ್ಲದೆ ಹೊರಟು ಐದನೇ ಕ್ಲಾಸಿನವರ ಅಂಗಳ ಸೇರಿತ್ತು. ನಾನು ಕರೆತರಲು ಹೋದರೆ ಅಲ್ಲಿನ ಸುಗಮಕಾರರು, "ಇರಲಿ ಬಿಡಿ ಟೀಚರ್, ಜ್ಞಾನ ಹರಿದಾಡಬೇಕಂತೆ" ಅಂದರು. ನಾವಿಬ್ಬರೂ ನಕ್ಕೆವು. ಆವಾಗ ನಗುವಷ್ಟು ಗಂಟಲು ಉಳಿದಿತ್ತು.

ಈಗ ಧೊಪ್ ಅಂದಿತಲ್ಲ, ಗಾಬರಿಯಾಗಬೇಡಿ. ಅದು ಆಟದ ಅಂಗಳದ ಚೆಂಡು. ಇನ್ನು ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವುದೂ ಕೇಳಿಸುತ್ತದೆ. ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಗೋಡೆಯನ್ನು ತೆಗೆದು ಕಿವಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಸನ್ಮಾನಿತರು ಈಗತಾನೇ ಬಹಳ ಚೆಂದ ಮಾತಾಡಿದರು. ನಿಮ್ಮಲ್ಲಿ ಕೆಲವರು ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ. ಏನು ಹೇಳಿದರು? "ನಾನು ಗೋಡೆಗಳಿಲ್ಲದ ಮನೆಯಲ್ಲಿ ಬೆಳೆದೆ. ಒಂದೇ ಕೋಣೆ. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು, ಅಜ್ಜಿ ರೇಡಿಯೊ ಕೇಳುತ್ತಿದ್ದಳು, ಅಕ್ಕ ಪಾಠ ಓದುತ್ತಿದ್ದಳು. ಎಲ್ಲರ ನಡುವೆ ಕೂತು ನಾನು ಕಲಿತೆ. ಆ ಕೋಣೆಯೇ ಈ ಶಾಲೆಯ ಬೀಜ." ಪತ್ರಿಕೆಗಳಲ್ಲೂ ಹೀಗೇ ಬಂದಿದೆ. ಪ್ರಶಸ್ತಿ ಸಮಿತಿಯವರೂ ಇದನ್ನೇ ಮೆಚ್ಚಿ ಬರೆದಿದ್ದಾರೆ.

ಆ ಕೋಣೆಯಲ್ಲಿ ನಾನೂ ಇದ್ದೆ, ಅಧ್ಯಕ್ಷರೇ. ಅಕ್ಕ ಎಂದು ಬಂತಲ್ಲ, ಅದು ನಾನೇ. ಹಾಗಾಗಿ ಅದರ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನನಗೂ ಇದೆ ಎಂದುಕೊಂಡಿದ್ದೇನೆ.

ಒಂದೇ ಕೋಣೆ ಎನ್ನುವುದು ನಿಜ. ಕೆಳಗೆ ತಗಡಿನ ಕೆಲಸದ ಅಂಗಡಿ. ಬೆಳಗಾದರೆ ಸುತ್ತಿಗೆ ಸದ್ದು. ಅಪ್ಪನಿಗೆ ಮುದ್ರಣಾಲಯದಲ್ಲಿ ರಾತ್ರಿ ಪಾಳಿ, ಹಗಲೆಲ್ಲ ಗೊರಕೆ. ಅಮ್ಮನ ಹೊಲಿಗೆ ಯಂತ್ರ, ಅಜ್ಜಿಯ ರೇಡಿಯೊ, ಎಲ್ಲವೂ ನಿಜ. ತಮ್ಮ ಏಳನೇ ಕ್ಲಾಸಿಗೆ ಬಂದಾಗ ಒಂದು ದಿನ ಪುಸ್ತಕ ಎಸೆದು ಅತ್ತ. "ನನಗೆ ತಲೇಲಿ ಏನೂ ನಿಲ್ತಿಲ್ಲ. ಈ ಮನೇಲಿ ಓದೋಕಾಗಲ್ಲ!" ಅಂದ. ಅಪ್ಪ ನಿದ್ದೆಗಣ್ಣಲ್ಲೇ ಎದ್ದು, ಹಸಿರು ಬಣ್ಣದ ಕಬ್ಬಿಣದ ಬೀರು ಇತ್ತಲ್ಲ, ಮನೆಯವರೆಲ್ಲರ ಬಟ್ಟೆ ಇಡುತ್ತಿದ್ದ ಬೀರು, ಅದನ್ನು ಎಳೆದು ಕೋಣೆಗೆ ಅಡ್ಡ ನಿಲ್ಲಿಸಿದರು. ಈ ಕಡೆಯಿಂದ ನಾನೂ ದೂಡಿದೆ. ಪಕ್ಕದ ಸಂದಿಗೆ ಅಮ್ಮ ಹಳೆಯ ದುಪ್ಪಟಿ ಕಟ್ಟಿದಳು. ಬೀರುವಿನ ಆ ಕಡೆ, ಕಿಟಕಿಯ ಪಕ್ಕ, ತಮ್ಮನಿಗೆ ಒಂದು ಕುರ್ಚಿ ಮೇಜು. ಈ ಕಡೆ ನಾವೆಲ್ಲ.

ಸಿಮೆಂಟು ನೆಲದ ಮೇಲೆ ಕಬ್ಬಿಣ ಎಳೆದರೆ ಎಂಥ ಸದ್ದಾಗುತ್ತದೆ ಗೊತ್ತಲ್ಲ? ಹಲ್ಲು ಜುಮ್ಮೆನ್ನಿಸುವ ಸದ್ದು. ರಾತ್ರಿ ಮಲಗಲು ಜಾಗ ಬೇಕಲ್ಲ, ಬೀರುವನ್ನು ಹಿಂದಕ್ಕೆ ತಳ್ಳುತ್ತಿದ್ದೆವು. ಮರುದಿನ ಅವನು ಓದಲು ಕೂರುವ ಹೊತ್ತಿಗೆ ಮತ್ತೆ ಎಳೆಯುತ್ತಿದ್ದೆವು. ಆ ಸದ್ದು ಬಂತೆಂದರೆ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು. ಅಮ್ಮ ಯಂತ್ರ ನಿಲ್ಲಿಸಿ ಕೈಹೊಲಿಗೆಗೆ ಕೂರುತ್ತಿದ್ದಳು. ಅಜ್ಜಿ ರೇಡಿಯೊದ ಕಿವಿ ಹಿಂಡುತ್ತಿದ್ದಳು. ನನ್ನ ಕೆಲಸ ಬಾಗಿಲಲ್ಲಿ ಕೂತು, ಮೆಟ್ಟಿಲು ಹತ್ತಿ ಬಂದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುವುದು.

ನಾನು ಯಾವ ಕ್ಲಾಸಿನಲ್ಲಿದ್ದೆ ಎಂದು ಕೇಳುತ್ತೀರಾ? ಹತ್ತನೇ ಕ್ಲಾಸು. ಲೆಕ್ಕದಲ್ಲಿ ಶಾಲೆಗೇ ಮೊದಲಿಗಳು. ನನ್ನ ಪುಸ್ತಕ ಮೆಟ್ಟಿಲ ಮೇಲೆ, ನನ್ನ ಕಿವಿಯೊಳಗೆ ತಗಡಿನ ಅಂಗಡಿಯ ಸುತ್ತಿಗೆ. ಪರೀಕ್ಷೆಯಲ್ಲಿ ನಾನು ಯಾವುದರಲ್ಲಿ ಡುಮ್ಕಿ ಹೊಡೆದೆ ಎನ್ನುತ್ತೀರಿ? ಲೆಕ್ಕದಲ್ಲೇ! ಮತ್ತೆ ಕಟ್ಟಿ ಪಾಸಾದೆ. ಆದರೆ ಅಷ್ಟರಲ್ಲಿ ಅಪ್ಪ, "ಹುಡುಗಿಗೆ ಟೀಚರ್ ಟ್ರೈನಿಂಗ್ ಸಾಕು ಬಿಡು, ಪಾಪ, ತಲೆ ಅಷ್ಟಕ್ಕಷ್ಟೇ" ಎಂದು ತೀರ್ಮಾನ ಮಾಡಿಯಾಗಿತ್ತು. ಈ ಮಾತನ್ನು ಇಲ್ಲಿ ಆಡಬೇಕೆಂದು ಬಂದವಳಲ್ಲ ನಾನು. ಹೇಗೋ ಬಂದುಬಿಟ್ಟಿತು. ಇವಳಿಗೆ ಹೊಟ್ಟೆಕಿಚ್ಚು ಎಂದು ನಿಮಗನ್ನಿಸಿದರೆ ಅನ್ನಿಸಲಿ. ಸ್ವಲ್ಪ ಇದೆ.

ನಗುವ ಸಂಗತಿಯೊಂದು ಹೇಳುತ್ತೇನೆ. ಒಂದು ಸಂಜೆ ಓದಿಗಿಂತ ಬೇರೆ ಸದ್ದು ಬರುತ್ತಿದೆಯಲ್ಲ ಎಂದು ದುಪ್ಪಟಿ ಸರಿಸಿ ನೋಡಿದರೆ, ತಮ್ಮ ಕೈವಾರದ ಮೊನೆಯಿಂದ ಬೀರುವಿನ ಬೆನ್ನಿನ ಬಣ್ಣ ಕೆರೆದು ಚಿತ್ರ ಬರೆಯುತ್ತಿದ್ದ. ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕಿಟಕಿ, ಒಳಗೆ ಒಂದು ಕುರ್ಚಿ. "ಇದು ನಾನು ಕಟ್ಟೋ ಮನೆ" ಅಂದ. "ನನ್ ಕುರ್ಚಿ ಎಲ್ಲೋ?" ಅಂದೆ. ಸ್ವಲ್ಪ ಯೋಚಿಸಿ, ಬಾಗಿಲ ಹೊರಗೆ ಒಂದು ಕಡ್ಡಿಗೊಂಬೆ ಕೆರೆದ. "ನೀನು ಇಲ್ಲಿರ್ತೀಯಲ್ಲ ಅಕ್ಕಾ, ಯಾರೂ ಒಳಗೆ ಬರದೇ ಇರೋ ಹಾಗೆ." ಪ್ರಶಸ್ತಿ ಸಮಿತಿಯವರು ಬರೆದುಕೊಳ್ಳಬಹುದು. ನಿಮ್ಮ ವಾಸ್ತುಶಿಲ್ಪಿಯ ಮೊದಲ ನಕ್ಷೆ ಅದು.

ಈ ಶಾಲೆಯ ಕೆಲಸ ಅವನಿಗೆ ಸಿಕ್ಕಾಗ ನಾನೆಷ್ಟು ಹಿಗ್ಗಿದೆ! ಊಟಕ್ಕೆ ಕರೆದೆ. ಕೈ ತೊಳೆದು ಕೂತಾಗ ಮೆಲ್ಲಗೆ ಹೇಳಿದೆ, "ಎಲ್ಲಾ ನಿನ್ನಿಷ್ಟದ ಹಾಗೇ ಮಾಡೋ. ಓದು ಕಲಿಯೋ ಚಿಕ್ಕ ಮಕ್ಕಳಿಗೆ ಮಾತ್ರ ಗೋಡೆ ಇರೋ ಒಂದು ಕೋಣೆ ಕೊಡು." ಅವನು ನನ್ನ ಕೈ ಹಿಡಿದು ನಕ್ಕ. "ಅಕ್ಕಾ, ಗೋಡೆ ಅನ್ನೋದು ಹಳೇ ಕಾಲದ ಭಯ." "ಭಯ ಅಲ್ವೋ, ಒಂದು ಮೂಲೆ ಕೇಳ್ತಿದೀನಿ." "ಮೂಲೆ ಅಂದ್ರೆ ಶಿಕ್ಷೆ ಅಲ್ವಾ?" ಅಂದ. ಅವನೇನು ಕೆಟ್ಟವನಲ್ಲ, ಸಭಿಕರೇ. ತಾನು ಹೇಳಿದ್ದನ್ನು ಮನಸಾರೆ ನಂಬುತ್ತಾನೆ. ಬೇರೆ ಊರಿನ ತಜ್ಞರು ಹೇಳಿದ್ದರೆ ಕೇಳುತ್ತಿದ್ದನೋ ಏನೋ. ಹಿತ್ತಲ ಗಿಡ ಮದ್ದಲ್ಲ ನೋಡಿ.

ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಪಿಸು ಎಂದೇ ಎಲ್ಲರೂ ಕರೆಯುವುದು. ಮಾತಾಡಿದರೆ ತೊದಲುತ್ತದೆ, ಹಾಗಾಗಿ ಪಿಸುಗುಡುತ್ತಾಳೆ. ಹಳೆಯ ಕಟ್ಟಡದಲ್ಲಿ ತಡೆದು ತಡೆದು ಓದುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಆ ಪಿಸುಮಾತೂ ನಿಂತಿತು. ನಿಲ್ಲದೇ ಇರುತ್ತದೆಯೇ? ಒಂದು ಅಕ್ಷರಕ್ಕೆ ಬಾಯಿ ತೆರೆದರೆ ಆ ಮಹಡಿಯಿಂದ ಈ ಮಹಡಿಯವರೆಗೆ ಇಡೀ ಶಾಲೆ ಅವಳನ್ನು ನೋಡುತ್ತದೆ. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದರೆ ಅವಳಿಗೆ ಕೇಳಿಸುವುದಿಲ್ಲ, ಅವಳು ಹೇಳಿದರೆ ನನಗೆ ಕೇಳಿಸುವುದಿಲ್ಲ. ಕೂಗಿದರೆ ಮಗು ಅಳುತ್ತದೆ. ಸುಗಮಕಾರರು ಏನು ಮಾಡಬೇಕು, ಹೇಳಿ?

ಅಮ್ಮ ತೀರಿಕೊಂಡ ಮೇಲೆ ಆ ಬೀರು ನನ್ನ ಮನೆಗೆ ಬಂದಿತ್ತು. ಕೆಲವು ತಿಂಗಳ ಹಿಂದೆ ಅದನ್ನು ಗಾಡಿಯ ಮೇಲೆ ಹಾಕಿಸಿ ಶಾಲೆಗೆ ತಂದೆ. ನನ್ನ ಅಂಗಳದ ತುದಿಯಲ್ಲಿ, ಕಂಬಕ್ಕೆ ಒತ್ತಿ, ಅಡ್ಡ ನಿಲ್ಲಿಸಿದೆ. ಸಂದಿಗೆ ಒಂದು ಪರದೆ. ಅದರ ಹಿಂದೆ ಐದಾರು ಮಕ್ಕಳು ಕೂರಬಹುದು. ಬೀರುಮನೆ ಎಂದು ಮಕ್ಕಳೇ ಹೆಸರಿಟ್ಟರು. ಅಲ್ಲಿ ಓದಲು ಜಗಳವಾಡಿ ಸರತಿ ಹಿಡಿಯುತ್ತಿದ್ದರು. ಮೊದಲ ವಾರ ಪಿಸು ಸುಮ್ಮನೆ ಕೂತಳು. ಆಮೇಲೊಂದು ದಿನ ಬೀರುವಿನ ಬೆನ್ನಿಗೆ ಮುಖ ಮಾಡಿ, ನನಗೂ ಬೆನ್ನು ಹಾಕಿ, "ನಾ, ನಾ, ನಾಯಿ ಬಾವಿಯ ಹತ್ತಿರ ಮಲಗಿತ್ತು" ಎಂದು ಓದಿದಳು. ಇಡೀ ವಾಕ್ಯ! ದನಿಯಿತ್ತು, ಅಧ್ಯಕ್ಷರೇ. ಅವಳಿಗೆ ಎಷ್ಟು ಚೆಂದದ ದನಿಯಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಪರದೆಯ ಹೊರಗೆ ಬಂದು ನಿಂತೆ. ಆ ಕಡೆ ಬಂದ ಮಕ್ಕಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಹಳೆಯ ಕೆಲಸ ನೋಡಿ, ಮರೆತಿರಲಿಲ್ಲ.

ಇವತ್ತು ಬೆಳಿಗ್ಗೆ ಫೋಟೊ ತೆಗೆಯುವವರು ಬಂದರು. ಸನ್ಮಾನಿತರೂ ಜೊತೆಗೆ ಬಂದು ಎಲ್ಲ ಅಂಗಳ ನೋಡಿದರು. ಬೀರುವಿನ ಮುಂದೆ ನಿಂತರು. ಪರದೆ ಸರಿಸಿ ಹಿಂದಕ್ಕೆ ಹೋದರು. ಗುರುತು ಸಿಗಲಿಲ್ಲವೇನೋ ಎಂದು ನೀವು ಅಂದುಕೊಳ್ಳಬಹುದು. ಸಿಗದಿದ್ದರೆ ನನಗೂ ಸಮಾಧಾನವಿರುತ್ತಿತ್ತು, ಇಲ್ಲಿ ನಿಂತು ಅವನನ್ನು ಬಾಯಿ ತುಂಬ ಹೊಗಳಿ ಇಳಿದುಬಿಡುತ್ತಿದ್ದೆ. ಆದರೆ ನಾನು ಅಲ್ಲೇ ಇದ್ದೆ. ಅವನು ಹೆಬ್ಬೆರಳಿನಿಂದ ಆ ಚಿತ್ರವನ್ನು ಸವರಿದ. ಗೋಡೆ, ಬಾಗಿಲು, ಕುರ್ಚಿ. ಬೆರಳು ಹೊರಗಿನ ಕಡ್ಡಿಗೊಂಬೆಯ ಮೇಲೆ ಬಂದು ನಿಂತಿತು. ಆಮೇಲೆ ಈಚೆ ಬಂದು ಕಾರ್ಯದರ್ಶಿಗಳಿಗೆ, "ಇದು ನೋಟಕ್ಕೆ ಅಡ್ಡ ಬರುತ್ತೆ. ತೆಗೆಸಿಬಿಡಿ" ಅಂದ. ನನ್ನ ಮುಖ ನೋಡಲಿಲ್ಲ.

ನಮ್ಮ ಕಾರ್ಯದರ್ಶಿಗಳು ಯಾವ ಕೆಲಸವನ್ನೂ ನಾಳೆಗೆ ಇಡುವವರಲ್ಲ. ಬೀರು ಆಗಲೇ ಹಿತ್ತಲು ಸೇರಿದೆ. ಗುಜರಿಯವನ ಗಾಡಿ ಗೇಟಿನ ಹೊರಗೆ ನಿಂತಿದೆ. ಸಮಾರಂಭ ನಡೆಯುವಾಗ ಗಾಡಿ ಒಳಗೆ ಬಿಡಬೇಡಪ್ಪಾ ಎಂದು ಗೇಟಿನವನಿಗೆ ನಾನು ಕೈ ಮುಗಿದು ಹೇಳಿ ಬಂದಿದ್ದೇನೆ. ಐದು ನಿಮಿಷದ ಮಾತು ಯಾಕೆ ಇಷ್ಟುದ್ದ ಆಯಿತೆಂದು ಈಗ ನಿಮಗೆ ತಿಳಿದಿರಬೇಕು.

ಹಾಗಾಗಿ, ಇಷ್ಟು ಜನರ ಮುಂದೆ, ಸಿಕ್ಕಿರುವ ಈ ಮೈಕಿನಲ್ಲಿ, ನಾನು ಕೇಳುವುದು ಒಂದೇ. ಕಟ್ಟಡ ಹೀಗೇ ಇರಲಿ, ಪ್ರಶಸ್ತಿ ಹತ್ತು ಬರಲಿ. ಆ ಬೀರು ಅದರ ಜಾಗಕ್ಕೆ ಬರಲಿ. ತಮ್ಮಾ, ನೀನು ಒಂದು ಮಾತು ಹೇಳಿದರೆ ಸಾಕು. ನೀನು ಹೇಳಿದರೆ ಇವರು ಕೇಳುತ್ತಾರೆ. ಕೂತಲ್ಲಿಂದಲೇ ಹೇಳು, ಎದ್ದು ಬರುವುದೂ ಬೇಡ. ನಿನಗೆ ಒಂದು ಕಾಲಕ್ಕೆ ಬೇಕಾದದ್ದು ಆ ಮಗುವಿಗೂ ಬೇಕು, ಅಷ್ಟೇ...

ಕೇಳಿಸಿತಾ?

ಇಲ್ಲ, ಅದು ಚೆಂಡಲ್ಲ. ತಟ್ಟೆಯೂ ಅಲ್ಲ. ಹಿತ್ತಲ ಕಡೆಯ ಗೇಟು ತೆರೆಸಿದ್ದಾರೆ ಅಂತ ಕಾಣುತ್ತದೆ. ನನಗೆ ಆ ಗೇಟಿನ ನೆನಪೇ ಬರಲಿಲ್ಲ. ಕಬ್ಬಿಣ ಎಳೆಯುವ ಸದ್ದು ಅದು. ಗೋಡೆಯಿಲ್ಲದ ಕಟ್ಟಡ, ಎಲ್ಲರಿಗೂ ಒಂದೇ ಸಮ ಕೇಳಿಸುತ್ತದೆ.

ಅತಿಥಿಗಳೇ, ನೀವು ಹಲ್ಲು ಕಚ್ಚಿದಿರಿ. ಪೋಷಕರು ಕಿವಿ ಮುಚ್ಚಿಕೊಂಡರು. ಸನ್ಮಾನಿತರು ಮಾತ್ರ ಫಲಕ ನೋಡುತ್ತಾ ಕೂತಿದ್ದಾರೆ. ಆ ಸದ್ದು ನಿನಗೆ ಹೊಸದಲ್ಲ ತಮ್ಮಾ, ಅದನ್ನು ಕೇಳಿಯೇ ನೀನು ಇಷ್ಟು ಓದಿದ್ದು.

ಆ ಸದ್ದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನಾನೂ ನಿಲ್ಲಿಸುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಕೇಳಿಸಿದರೂ ತಲೆಯೆತ್ತದವರಿಗೂ, ನನ್ನ ನಮಸ್ಕಾರ.