ಗಾಳಿರಾಯನ ಮಂಚ

೧೯೬೩ರ ಬೇಸಗೆ. ವಿಜಾಪುರದ ಕ್ಷಯರೋಗದ ಆಸ್ಪತ್ರೆಯ ಪಡಸಾಲೆಯಲ್ಲಿ ಔಷಧಿಗಾಗಿ ಕಾದಿದ್ದೆ. ಪಕ್ಕದಲ್ಲಿ ಹಳೆಯ ರೋಗಿ, ಟಾಂಗಾ ಹೊಡೆಯುವ ದಸ್ತಗೀರ, ಆಗಷ್ಟೇ ತಿಕೋಟಾದಿಂದ ಗಂಟು ಹೊತ್ತು ಬಂದ ಪರಸಪ್ಪನಿಗೆ ಎರಡು ಇಂಗ್ಲಿಷ್ ಚಿತ್ರಕಥೆಯ ಪುಸ್ತಕ ತೋರಿಸುತ್ತಿದ್ದ.

“ಗೋಳಗುಮ್ಮಟ ನೋಡಾಕ ಬಂದ ಸಾಹೇಬ ನನ್ನ ಟಾಂಗಾದಾಗ ಬಿಟ್ಟು ಹೋಗಿದ್ದ. ಇವರು ನಾಕು ಮಂದಿ ಶೂರರು ನೋಡ್ರಿ. ಇಂವ ಗಾಳಿಹಂಗ ಓಡ್ತಾನ. ನಾವು ಗಾಳಿರಾಯ ಅಂತೀವಿ.”

“ಈ ಇನ್ನೊಂದು ಪುಸ್ತಕದಾಗ ಅಂಗಿ ಅವೇ, ಮಾರಿ ಬ್ಯಾರೆ ಅದಾವಲ್ರಿ?”

“ಹೊಸದಾಗಿ ಬರದಾರ. ಹೆಸರು ಹಳೇವು, ಮಂದಿ ಹೊಸಬರು. ಡಾಕ್ಟರು ಓದಿ ಹೇಳಿದ್ರು.”

“ಹಳಬರು ಎಲ್ಲಿ ಹೋದ್ರು?”

“ಅದನ್ನ ಬರದಿಲ್ಲಂತ.”

ದಸ್ತಗೀರ ಕೆಮ್ಮಿ, ಬಾಯಿ ಒರೆಸಿಕೊಂಡ.

“ನಮ್ಮ ಖೋಲ್ಯಾಗೂ ನಾಕು ಮಂಚ ಅದಾವ. ಒಂದೊಂದಕ್ಕ ಒಬ್ಬ ಶೂರನ ಹೆಸರು ಇಟ್ಟೀವಿ. ನಿಮಗ ಗಾಳಿರಾಯನ ಮಂಚ ಬಂದೈತಿ.”

“ಮೊದಲಿನ ಗಾಳಿರಾಯ ಆರಾಮಾಗಿ ಮನಿಗೆ ಹೋದನೇನ್ರಿ?”

ದಸ್ತಗೀರ ಪುಸ್ತಕ ಮುಚ್ಚಿದ.

“ಏಳ್ರಿ. ಗಾದಿ ತೊಳದು ಬಿಸಲಿಗೆ ಹಾಕ್ಯಾರ, ಇಷ್ಟೊತ್ತಿಗೆ ಒಣಗಿರತೈತಿ.”

ಪರಸಪ್ಪ ಗಂಟು ಎತ್ತಿಕೊಂಡ. ಬಾಗಿಲಲ್ಲಿ ನಿಂತು ಕೇಳಿದ.

“ನೀವು ಯಾರ್ರಿ, ಇವರೊಳಗ?”

“ಬೆಂಕಿರಾಯ,” ಅಂದ ದಸ್ತಗೀರ. “ಆ ಮಂಚಕ್ಕ ನಾ ಮೂರನೇದಾಂವ.”

ಇಬ್ಬರೂ ಒಳಗೆ ಹೋದರು.